ಸೆಲ್ ಸಿಗಲಾರದ ಕ್ಯಾಮರಾ

ಹೋದ ಸಲ ಕುಕ್ಕರಿನ ರಿಂಗ್ ಹುಡುಕಿದ ಕಥಿ ಬರದಾಗ ನಿಮ್ಮಾಗ ಭಾಳ ಮಂದಿ ‘ನಮ್ಮನ್ಯಾಗೂ ಇದೇ ಹಣೇಬರಹ’ ಅಂದ್ರಿ. ಇವತ್ತಿಂದೂ ಅಂಥದ್ದೇ ಹುಡುಕಾಟ. ಆದ್ರ ಇದು ರಿಂಗಿಂದಲ್ಲ, ಹಳೇ ಕ್ಯಾಮರಾದ ಬ್ಯಾಟ್ರಿದು. ಹುಡುಕ್ಕೋತ ಹೋದಂಗ ಅದರ ಇತಿಹಾಸಾನೂ ಒಂದೊಂದಾಗಿ ತಿಳೀತು. ಎರಡೂ ಕೂಡಿಸಿ ಹೇಳ್ತೀನಿ. ಸ್ವಲ್ಪ ಉದ್ದ ಅದ, ಚಹಾ ಇಟಗೊಂಡ ಕೂತು ಓದ್ರಿ.

ದೀಪಾವಳಿ ಮುಂದ ಕಪಾಟ ಸ್ವಚ್ಛ ಮಾಡಬೇಕಾದ್ರ ಮ್ಯಾಲಿನ ಖಾನ್ಯಾಗ, ಹಳೇ ಪತ್ತಲದ ಗಂಟಿನ ಹಿಂದ, ಒಂದು ಸಣ್ಣ ಕರೇ ಚೀಲ ಸಿಕ್ತು. ತಗದು ನೋಡಿದ್ರ ನಮ್ಮ ಡಿಜಿಟಲ್ ಕ್ಯಾಮರಾ. 2008ರಾಗ ನಮ್ಮ ಮೈದುನ ಬೆಂಗಳೂರಿಂದ ತಂದು ಕೊಟ್ಟದ್ದು. ಆಗ ಅದನ್ನ ಮುಟ್ಟಬೇಕಾದ್ರ ಕೈ ತೊಳಕೊಂಡು, ಸೆರಗಿಗೆ ಒರಸ್ಕೊಂಡು ಮುಟ್ತಿದ್ವಿ. ಮನ್ಯಾಗ ಒಬ್ಬೊಬ್ಬರ ಕೈಗೂ ಒಂದೊಂದು ಫೋನ್ ಬಂದ ಮ್ಯಾಲೆ, 2013ರ ಹೊತ್ತಿಗೆ, ಅದು ಚೀಲ ಸೇರಿತ್ತು.

ನನ್ನ ಮಗಳಿಗೆ ಅದನ್ನ ನೋಡಿ ಕುಣಿಯೋ ಅಷ್ಟು ಖುಷಿ. ‘ಅವ್ವಾ, ಈಗ ಕಾಲೇಜ್ ಹುಡುಗ್ಯಾರು ಇಂಥಾವನ್ನೇ ಹುಡುಕಿ ಹುಡುಕಿ ತೊಗೊಳ್ಳಿಕ್ಕೆ ಹತ್ಯಾರ, ಫೋನಿನಕಿಂತಾ ಇದರ ಫೋಟೋನೇ ಛಂದ ಅಂತ’ ಅಂದ್ಲು. ನನಗ ಆ ಫ್ಯಾಶನ್ ಉಸಾಬರಿ ಬೇಕಾಗಿರಲಿಲ್ಲ. ನನಗ ನೆನಪಾಗಿದ್ದು ಬ್ಯಾರೇನೇ.

2009ರ ಬ್ಯಾಸಗಿ. ಮಾಳಿಗಿ ಮ್ಯಾಲೆ ಹಪ್ಪಳ ಹಾಕಿದ ದಿವಸ. ನಮ್ಮತ್ತಿಯವರು ಒಂದು ಕಡೆ ಹಿಟ್ಟ ನಾದ್ಲಿಕ್ಕೆ ಕೂತಿದ್ರು, ನಾನು ಕ್ಯಾಮರಾ ಹಿಡಕೊಂಡು ಸುತ್ತ ತಿರಗ್ತಿದ್ದೆ. ಅವತ್ತ ಒಳಗಿನ ಕಾರ್ಡ್ ಇರಲಿಲ್ಲ, ಮೈದುನ ಅದನ್ನ ಫೋಟೋ ಕಂಪ್ಯೂಟರಿಗೆ ಹಾಕ್ತೀನಿ ಅಂತ ಒಯ್ದಿದ್ರು. ಕಾರ್ಡ್ ಇಲ್ಲದನೂ ಕ್ಯಾಮರಾ ನಡೀತು. ನಾಕೈದು ಫೋಟೋ, ಒಂದು ಸಣ್ಣ ವಿಡಿಯೋ ಆಗೋದ್ರಾಗ ಜಾಗ ಮುಗೀತು ಅಂತ ತೋರಿಸ್ತು. ಮುಂದ ಕಾರ್ಡ್ ಹೊಳ್ಳಿ ಬಂತು, ಹಾಕಿ ನೋಡಿದ್ರ ಆ ಫೋಟೋ ಒಂದೂ ಕಾಣಲಿಲ್ಲ. ಅಳಿಸಿ ಹೋಗಿರಬೇಕು ಅಂದ್ಕೊಂಡು ಬಿಟ್ಟ ಬಿಟ್ವಿ. ಮುಂದಿನ ವರ್ಷ ನಮ್ಮತ್ತಿಯವರೂ ಹೋದ್ರು. ಈಗ ನಡುಮನ್ಯಾಗಿರೋದು ಸ್ಟುಡಿಯೋದಾಗ ತಗಸಿದ ಒಂದು ಫೋಟೋ, ಅದರಾಗ ಅವರು ಯಾರ ಮ್ಯಾಲೋ ಸಿಟ್ಟ ಬಂದಂಗ ನೆಟ್ಟಗ ಕೂತಾರ.

ಈ ಕಥಿ ಹೇಳಿದ ಕೂಡ್ಲೇ ಮಗಳು ಕ್ಯಾಮರಾದ ಪುಸ್ತಕ ತಗದು ಓದಿ ಹೇಳಿದ್ಲು: ‘ಅಳಿಸಿಲ್ಲವ್ವಾ. ಕಾರ್ಡ್ ಹಾಕಿದಾಗ ಇದು ಕಾರ್ಡಿಂದಷ್ಟೇ ತೋರಿಸ್ತದ. ಒಳಗ ಇದರದೇ ಒಂದ ಸಣ್ಣ ಮೆಮೊರಿ ಅದ. ಅಜ್ಜಿ ಅದರಾಗೇ ಇರಬೇಕು.’

ಹದಿನಾಲ್ಕು ಹದಿನೈದು ವರ್ಷ ಕಪಾಟಿನ್ಯಾಗ ನಮ್ಮತ್ತಿಯವರ ದನಿ ಇಟಗೊಂಡು ನಾವು ಅದರ ಮುಂದನ ಓಡಾಡ್ತಿದ್ವಿ ಅಂದ್ರ, ನನ್ನ ಕೈಕಾಲೇ ಆಡಲಿಲ್ಲ ನೋಡ್ರಿ.

ಆದ್ರ ಕ್ಯಾಮರಾ ಚಾಲೂ ಆಗಬೇಕಲ್ಲ? ಬ್ಯಾಟ್ರಿ ಚಾರ್ಜಿಗೆ ಇಟ್ರ ಚಾರ್ಜರಿನ ದೀಪ ಪಿಳಿಪಿಳಿ ಅಂತು, ಹತ್ತಲಿಲ್ಲ. ತಗದು ನೋಡಿದ್ರ ಬ್ಯಾಟ್ರಿ ಹೊಟ್ಟಿ ಉಬ್ಬಿ ನಿಂತಿತ್ತು. ಕ್ಯಾಮರಾದ ಕಂಪನಿ ಹೆಸರು ಬ್ಯಾಡ ಬಿಡ್ರಿ, ಎಲ್ಲಾ ಕಂಪನಿದೂ ಒಂದೇ ಕಥಿ. ಆ ಮಾಡಲ್ ಬಂದಾಗಿ ಎಷ್ಟೋ ವರ್ಷ ಆಗ್ಯಾವ.

ಮರುದಿನ ಹುಬ್ಬಳ್ಳಿ ಕೊಪ್ಪಿಕರ ರೋಡಿಗೆ ಹೋದ್ವಿ. ಒಂದು ಕಾಲಕ್ಕ ಫಿಲ್ಮ್ ರೋಲ್ ಮಾರ್ತಿದ್ದ ಅಂಗಡ್ಯಾಗ ಈಗ ಬರೇ ಫೋನಿನ ಕವರು, ಗಾಜು. ಅಂಗಡಿ ಅಣ್ಣ ಬ್ಯಾಟ್ರಿ ಹಿಂದ ಮುಂದ ತಿರಗಿಸಿ ನೋಡಿ, ‘ಅಕ್ಕಾರ, ಈ ಆಕಾರದ್ದು ಬರೋದು ನಿಂತು ಎಷ್ಟೋ ವರ್ಷ ಆತು. ನಿಮ್ಮ ಕ್ಯಾಮರಾ ಪೆನ್ಸಿಲ್ ಸೆಲ್ಲಿಂದಾಗಿದ್ರ ಮಗ್ಗಲದ ಕಿರಾಣಿ ಅಂಗಡ್ಯಾಗೂ ಸಿಗ್ತಿತ್ತು’ ಅಂದಾ. ಆ ಮಾತು ನನ್ನ ತಲ್ಯಾಗ ಕೂತು ಬಿಡ್ತು. ಯಾಕ ಹಂಗ? ಒಂದು ಕ್ಯಾಮರಾಕ್ಕ ಕಿರಾಣಿ ಅಂಗಡಿ ಸೆಲ್, ಇನ್ನೊಂದಕ್ಕ ಊರೂರು ತಿರಗಿದ್ರೂ ಸಿಗಲಾರದ ಸೆಲ್? ಇಲ್ಲಿಂದ ಇತಿಹಾಸ ಶುರು.

ನಮ್ಮ ಕಡೆ ‘ಬ್ಯಾಟ್ರಿ’ ಅಂದ್ರ ಮೊದಲಿಗೆ ಕೈದೀಪ, ಟಾರ್ಚು. ರಾತ್ರಿ ಹಿತ್ತಲಕ್ಕ ಹೋಗಬೇಕಾದ್ರ ‘ಬ್ಯಾಟ್ರಿ ತಾ’ ಅಂತಿದ್ರು. ಅದರ ಹೊಟ್ಯಾಗ ಹಾಕೋದು ‘ಸೆಲ್ಲು’. ಬೆಳಕು ಕೆಂಪಗಾದ್ರ ಸೆಲ್ ತಗದು ಬಿಸಲಿಗೆ ಇಟ್ಟು, ಇನ್ನೊಂದೆರಡು ದಿನ ದೂಡ್ತಿದ್ದದ್ದು ನೆನಪದ ಇಲ್ಲೋ? ರೇಡಿಯೋಕ್ಕೂ ಅದೇ ಸೆಲ್, ಟಾರ್ಚಿಗೂ ಅದೇ ಸೆಲ್. ಯಾವ ಕಂಪನಿ ತೊಗೊಂಡ್ರೂ ಅಳತಿ ಒಂದೇ. ಗಡಿಯಾರ, ರಿಮೋಟಿಗೆ ಹಾಕೋ ಪೆನ್ಸಿಲ್ ಸೆಲ್ಲಿನ ಅಳತಿಗೆ ಎಎ ಅಂತ ಹೆಸರು. ಅಮೆರಿಕದಾಗ 1947ರಾಗ ಇದನ್ನ ಪ್ರಮಾಣ ಅಂತ ನಿಗದಿ ಮಾಡಿದ್ರು. ಉದ್ದ ಐವತ್ತು ಮಿಲಿಮೀಟರ್ ಮ್ಯಾಲೆ ಒಂದೀಟು, ದಪ್ಪ ಹದಿನಾಲ್ಕೂವರಿ. ಅವತ್ತಿಂದ ಇವತ್ತಿನ ತನಕ ಜಗತ್ತಿನ್ಯಾಗ ಎಲ್ಲಿ ತೊಗೊಂಡ್ರೂ ಅದೇ ಅಳತಿ.

ಕ್ಯಾಮರಾಕ್ಕ ಮೊದಲ ಸೆಲ್ಲೇ ಬೇಕಾಗಿರಲಿಲ್ಲ. ನಮ್ಮ ತವರಮನ್ಯಾಗ ಅಪ್ಪನ ಹತ್ರ ಆಗ್ಫಾ ಕ್ಲಿಕ್ 3 ಅಂತ ಡಬ್ಬಿಯಂಥಾ ಕ್ಯಾಮರಾ ಇತ್ತು. ನಮ್ಮ ದೇಶದಾಗ ಎಷ್ಟೋ ಮನ್ಯಾಗ ಇದ್ದದ್ದೇ ಅದು. ಒಂದ ರೋಲಿಗೆ 12 ಫೋಟೋ. ಗುಂಡಿ ಒತ್ತಿದ್ರ ಒಳಗಿನ ಸ್ಪ್ರಿಂಗ್ ಪರದೆ ತಗದು ಮುಚ್ತಿತ್ತು, ಅಷ್ಟ. ಕರೆಂಟಿನ ಮಾತೇ ಇಲ್ಲ. ಅದಕ್ಕ ಹಾಕೋ ರೋಲಿನ ಅಳತಿಗೆ 120 ಅಂತಾರ. ಕೊಡ್ಯಾಕ್ ಕಂಪನಿ ಅದನ್ನ ತಂದದ್ದು 1901ರಾಗ. ಒಂದು ಕಂಪನಿ ತಂದದ್ದಾದ್ರೂ ಮುಂದ ಎಲ್ಲಾ ಕಂಪನಿಯವರೂ ಅದೇ ಅಳತಿಗೆ ಕ್ಯಾಮರಾ ಮಾಡಿದ್ರು, ರೋಲೂ ಮಾಡಿದ್ರು. ನಿಮಗ ಆಶ್ಚರ್ಯ ಅನಸಬಹುದು, ಆ ರೋಲ್ ಇವತ್ತಿಗೂ ಹೊಸದಾಗಿ ತಯಾರಾಗ್ತದ. ಅಂದ್ರ 1901ರ ಅಳತಿ ಇನ್ನೂ ಜೀವಂತ ಅದ, 2008ರ ಕ್ಯಾಮರಾದ ಸೆಲ್ ಮಾತ್ರ ಅಂಗಡ್ಯಾಗಿಲ್ಲ!

ಡಿಜಿಟಲ್ ಕ್ಯಾಮರಾ ಹುಟ್ಟಿದ್ದು 1975ರ ಡಿಸೆಂಬರದಾಗ, ಅದೇ ಕೊಡ್ಯಾಕ್ ಕಂಪನ್ಯಾಗ. ಸ್ಟೀವ್ ಸ್ಯಾಸನ್ ಅನ್ನೋ 25 ವರ್ಷದ ಎಂಜಿನಿಯರ್ ಹುಡುಗ ಅದನ್ನ ಜೋಡಿಸಿದ್ರು. ತೂಕ ಮೂರೂವರಿ ಕಿಲೋದ ಮ್ಯಾಲೆ, ನಮ್ಮ ರುಬ್ಬೋ ಗುಂಡಿನಂಗ. ಒಂದ ಕಪ್ಪು ಬಿಳುಪು ಫೋಟೋ ಕ್ಯಾಸೆಟ್ಟಿನ್ಯಾಗ ಬರಕೊಳ್ಳಿಕ್ಕೆ 23 ಸೆಕೆಂಡ್ ಬೇಕಿತ್ತು. ಅದು ನಡೀಲಿಕ್ಕೆ 16 ಸೆಲ್, ನಿಕಲ್ ಕ್ಯಾಡ್ಮಿಯಮ್ ಅನ್ನೋ ಜಾತಿವು. ಅಂದ್ರ ಹುಟ್ಟಿದ ದಿವಸದಿಂದನೂ ಈ ಕೂಸಿಗೆ ಹಸಿವು ಜಾಸ್ತಿ.

ಯಾಕ ಇಷ್ಟು ಹಸಿವು? ರೋಲಿನ ಕ್ಯಾಮರಾದಾಗ ಫೋಟೋ ಮೂಡಿಸೋದು ಬೆಳಕು ಮತ್ತ ರೋಲಿನ ಮ್ಯಾಲಿನ ರಸಾಯನ. ಡಿಜಿಟಲ್ಲಿನ್ಯಾಗ ಕಣ್ಣು, ಮಿದುಳು, ಹಿಂದಿನ ಸಣ್ಣ ಟಿವಿ ಪರದೆ, ಮುಂದ ಬರೋ ಹಿಂದ ಹೋಗೋ ಲೆನ್ಸು, ಫ್ಲ್ಯಾಶ್, ಎಲ್ಲಾದಕ್ಕೂ ಕರೆಂಟ್ ಬೇಕು, ಅದೂ ಒಮ್ಮೆಲೇ ಬೇಕು. ಗಡಿಯಾರಕ್ಕ ಹಾಕೋ ಸಾದಾ ಸೆಲ್ ಹನಿ ಹನಿ ಕೊಡೋ ಗಡಿಗಿ ಇದ್ದಂಗ. ಅದನ್ನ ಬಗ್ಗಿಸಿ ಒಮ್ಮೆಲೇ ಕೊಡ ತುಂಬಸು ಅಂದ್ರ ಆಗೂದಿಲ್ಲ. ಅದಕ್ಕ ಕ್ಯಾಮರಾದಾಗ ಹಾಕಿದ ಸಾದಾ ಸೆಲ್ ಹತ್ತು ಫೋಟೋಕ್ಕ ‘ಮುಗೀತು’ ಅಂತಿದ್ವು. ಅವನ್ನ ತಗದು ಗಡಿಯಾರಕ್ಕ ಹಾಕಿದ್ರ ಮತ್ತ ತಿಂಗಳಗಟ್ಲೆ ನಡೀತಿದ್ವು. ನಮ್ಮ ನಾದಿನಿ ಮನ್ಯಾಗ ಹಂಗ ಮಾಡೇ ನಾಕ ಗಡಿಯಾರ ನಡಸ್ಯಾರ.

ನಾದಿನಿದು ಕ್ಯಾನನ್ ಪವರ್‌ಶಾಟ್ ಎ ಸರಣಿ ಕ್ಯಾಮರಾ. ಆ ಸರಣ್ಯಾಗ ಭಾಳಷ್ಟು ಮಾಡಲ್ಲಿಗೆ ಪೆನ್ಸಿಲ್ ಸೆಲ್ಲೇ ಹಾಕೋದು. ಮುಂದ ಚಾರ್ಜ್ ಮಾಡೋ ಪೆನ್ಸಿಲ್ ಸೆಲ್ ಬಂದ್ವು. ನಿಕಲ್ ಮೆಟಲ್ ಹೈಡ್ರೈಡ್ ಅಂತಾರ. ಅವು ಒಮ್ಮೆಲೇ ಕರೆಂಟ್ ಕೊಡತಾವ, ಕ್ಯಾಮರಾಕ್ಕ ಬರೋಬ್ಬರಿ. ಮೊದಲಿನ್ವು ಸುಮ್ಮನ ಇಟ್ರೂ ಖಾಲಿ ಆಗ್ತಿದ್ವು. 2005ರಾಗ ಜಪಾನಿನ ಸ್ಯಾನ್ಯೋ ಕಂಪನಿ ಎನೆಲೂಪ್ ಅನ್ನೋದನ್ನ ತಂದ ಮ್ಯಾಲೆ, ಒಂದ ವರ್ಷ ಡಬ್ಬ್ಯಾಗ ಇಟ್ರೂ ಭಾಳ ಇಳೀಲಾರದಂಥಾ ಸೆಲ್ ಸಿಗಲಿಕ್ಕೆ ಹತ್ತಿದ್ವು. ನಾದಿನಿ ಕ್ಯಾಮರಾ ನಮ್ಮದಕ್ಕಿಂತಾ ಹಳೇದು, ದಪ್ಪ, ಇಟ್ಟಂಗಿ ಇದ್ದಂಗ. ಇವತ್ತ ಸೆಲ್ ಹಾಕಿದ್ರ ಇವತ್ತೇ ಚಾಲೂ ಆಗ್ತದ.

ಹಂಗಾದ್ರ ನಮ್ಮದಕ್ಕ ಆ ಬ್ಯಾರೆ ಆಕಾರದ ಬ್ಯಾಟ್ರಿ ಯಾಕ? ಇದಕ್ಕ ಕಾರಣ ಲಿಥಿಯಮ್. ಲಿಥಿಯಮ್ ಅಯಾನ್ ಬ್ಯಾಟ್ರಿ ಮೊದಲ ಮಾರಾಟಕ್ಕ ಬಂದದ್ದು 1991ರಾಗ, ಸೋನಿ ಕಂಪನಿಯಿಂದ. ವಿಡಿಯೋ ಕ್ಯಾಮರಾ ಸಣ್ಣದು, ಹಗೂರ ಮಾಡಬೇಕು ಅನ್ನೋ ಹಟಾನೂ ಅದರ ಹಿಂದ ಇತ್ತು. ಈ ಬ್ಯಾಟ್ರಿ ಕಂಡು ಹಿಡದ ಮೂರು ಮಂದಿಗೆ, ಜಾನ್ ಗುಡಿನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೋ, 2019ರಾಗ ನೊಬೆಲ್ ಬಂತು. ಗುಡಿನಫ್ ಅಜ್ಜಗ ಆಗ 97 ವರ್ಷ! ಅಷ್ಟು ವಯಸ್ಸಿನ್ಯಾಗ ನೊಬೆಲ್ ತೊಗೊಂಡವರು ಬ್ಯಾರೆ ಯಾರೂ ಇಲ್ಲ. ನಮ್ಮ ಎಲ್ಲಾರ ಕೈಯಾಗಿನ ಫೋನ್ ನಡಿಯೋದು ಇವರ ಪುಣ್ಯಾದ ಮ್ಯಾಲೇನೆ.

ಒಂದು ಚಾರ್ಜ್ ಮಾಡೋ ಪೆನ್ಸಿಲ್ ಸೆಲ್ಲಿಂದು 1.2 ವೋಲ್ಟ್. ಲಿಥಿಯಮ್ಮಿಂದು 3.6 ಅಥವಾ 3.7. ಅಂದ್ರ ಮೂರು ಸೆಲ್ ಮಾಡೋ ಕೆಲಸ ಒಂದೇ ಮಾಡ್ತದ. ಮ್ಯಾಲೆ ಅದು ದುಂಡಗ ಇರಬೇಕಂತ ಏನಿಲ್ಲ, ಬಿಸ್ಕೀಟಿನಂಗ ಚಪ್ಪಟಿ ಮಾಡಬಹುದು. ಅಲ್ಲೇ ಎಲ್ಲಾ ಬದಲಾಗಿದ್ದು. ಕ್ಯಾಮರಾ ತೆಳ್ಳಗ ಆಗಬೇಕು, ಹೆಂಗಸರ ಪರ್ಸಿನ್ಯಾಗ ಹಿಡೀಬೇಕು, ಅಂಗಿ ಕಿಸೇದಾಗ ಹೋಗಬೇಕು ಅಂತ ಕಂಪನಿಗಳ ನಡುವ ಪೈಪೋಟಿ. ಕ್ಯಾಮರಾದಾಗ ಎಲ್ಲಿ ಜಾಗ ಉಳೀತದೋ ಅದೇ ಆಕಾರಕ್ಕ ಬ್ಯಾಟ್ರಿ ಮಾಡಿದ್ರು. ಒಂದೊಂದು ಕಂಪನಿದು ಒಂದೊಂದು ಆಕಾರ, ಒಂದೇ ಕಂಪನ್ಯಾಗೂ ಹತ್ತು ನಮೂನಿ. ಟೇಲರ್ ನಮ್ಮ ನಮ್ಮ ಅಳತಿಗೆ ಕುಪ್ಪಸ ಹೊಲದಂಗ. ಬ್ಯಾರೆಯವರಿಗೆ ಬರೂದಿಲ್ಲ.

ಆಕಾರ ಅಷ್ಟೇ ಅಲ್ರಿ. ನಮ್ಮ ಬ್ಯಾಟ್ರಿ ಮ್ಯಾಲೆ ಮೂರು ಹಿತ್ತಾಳಿ ಬಣ್ಣದ ಪಟ್ಟಿ ಇದ್ವು. ಒಂದು ಕೂಡಿಸೋ ಚಿಹ್ನೆದು, ಒಂದು ಕಳಿಯೋ ಚಿಹ್ನೆದು, ಮತ್ತ ಮೂರನೇದು ಏನು ಅಂತ ಕೇಳಿದೆ. ಅದು ಬ್ಯಾಟ್ರಿಗೆ ಜ್ವರ ಬಂದದೋ ಏನೋ ನೋಡೋದು, ಬಿಸಿ ಅಳಿಯೋದು ಅಂತ ಮಗಳು ಹೇಳಿದ್ಲು. ಲಿಥಿಯಮ್ ಸಿಟ್ಟಿನ ಜಾತಿ. ಜಾಸ್ತಿ ಚಾರ್ಜ್ ಆದ್ರೂ ಆಗೂದಿಲ್ಲ, ಜಾಸ್ತಿ ಖಾಲಿ ಆದ್ರೂ ಆಗೂದಿಲ್ಲ. ತುಂಬಿದಾಗ 4.2 ವೋಲ್ಟಿಗೆ ನಿಲ್ಲಸಬೇಕು. ಅದಕ್ಕ ಒಳಗ ಒಂದು ಸಣ್ಣ ಕಾವಲು ಇರ್ತದ. ವರ್ಷಗಟ್ಲೆ ಖಾಲಿ ಬಿಟ್ರ ಆ ಕಾವಲು ಬಾಗಲಾ ಹಾಕಿ ಕೂಡ್ತದ, ಚಾರ್ಜರ್ ದೀಪ ಪಿಳಿಪಿಳಿ ಅಂತದ. ನಮ್ಮನ್ಯಾಗ ಆಗಿದ್ದು ಇದೇ. ನಾವು ಚೀಲದಾಗ ಇಡೋ ಮುಂದ ಅರ್ಧ ಚಾರ್ಜ್ ಮಾಡಿ, ಬ್ಯಾಟ್ರಿ ತಗದು, ತಂಪ ಜಾಗದಾಗ ಇಟ್ಟಿದ್ರ ಇನ್ನೂ ಕೆಲವು ವರ್ಷ ಬಾಳ್ತಿತ್ತೋ ಏನೋ. ಯಾರು ಹೇಳ್ಬೇಕು ನಮಗ ಆಗ?

ಬ್ಯಾಟ್ರಿ ಕಥಿನೇ ಕಾರ್ಡಿಂದೂ. 1994ರಾಗ ಕಾಂಪ್ಯಾಕ್ಟ್‌ಫ್ಲ್ಯಾಶ್, 1998ರಾಗ ಸೋನಿಯವರ ಮೆಮೊರಿ ಸ್ಟಿಕ್, 1999ರಾಗ ಪ್ಯಾನಸಾನಿಕ್, ತೋಶಿಬಾ, ಸ್ಯಾನ್‌ಡಿಸ್ಕ್ ಮೂರೂ ಕೂಡಿ ಎಸ್‌ಡಿ ಕಾರ್ಡ್, 2002ರಾಗ ಒಲಿಂಪಸ್ ಮತ್ತ ಫ್ಯೂಜಿಫಿಲ್ಮ್‌ದವರ ಎಕ್ಸ್‌ಡಿ. ಒಬ್ಬರದು ಒಬ್ಬರಿಗೆ ಕೂಡೂದಿಲ್ಲ. ಕಡೀಕ ಗೆದ್ದದ್ದು ಮೂರು ಮಂದಿ ಕೂಡಿ ಮಾಡಿ, ಉಳದವರಿಗೂ ಹಾದಿ ಬಿಟ್ಟ ಎಸ್‌ಡಿ. ಇವತ್ತ ಅಂಗಡ್ಯಾಗ ಸಿಗೋದೂ ಅದೇ. ವೈರಿಂದೂ ಹಂಗ. ಕಂಪ್ಯೂಟರಿಗೆ ಚುಚ್ಚೋ ತುದಿ ಎಲ್ಲಾರದೂ ಒಂದೇ, ಕ್ಯಾಮರಾಕ್ಕ ಚುಚ್ಚೋ ತುದಿ ಮಾತ್ರ ಅವರವರದೇ. ಮಿಕ್ಸರ್ ಜಾರಿನ ಕೆಳಗಿನ ಹೂವು ಹೆಂಗ ಒಂದು ಕಂಪನಿದು ಇನ್ನೊಂದಕ್ಕ ಕೂಡೂದಿಲ್ಲೋ ಹಂಗ.

ಇಷ್ಟೆಲ್ಲಾ ನಡದದ್ದು ಕ್ಯಾಮರಾ ಭರ್ಜರಿ ಮಾರಾಟ ಆಗೋ ಕಾಲದಾಗ. 2010ರಾಗ ಜಪಾನಿನ ಕಂಪನಿಗಳು ಕೂಡಿ 12 ಕೋಟಿ ಡಿಜಿಟಲ್ ಕ್ಯಾಮರಾ ಕಳಿಸಿದ್ರು. ಅಷ್ಟು ಮಾರಾಟ ಇದ್ದಾಗ ಬ್ಯಾಟ್ರಿ ಎಲ್ಲೆ ಬೇಕಲ್ಲೆ ಸಿಗ್ತಿತ್ತು, ಯಾರಿಗೂ ಚಿಂತಿ ಇರಲಿಲ್ಲ. ಆದ್ರ ಕ್ಯಾಮರಾ ಇರೋ ಫೋನ್ 2000ರ ಹೊತ್ತಿಗೇ ಜಪಾನದಾಗ ಬಂದಿತ್ತು. ಹತ್ತು ವರ್ಷದಾಗ ಅದು ಬೆಳದು ದೊಡ್ಡದಾತು. 2020 ಬರೋದ್ರಾಗ ಆ 12 ಕೋಟಿ ಹೋಗಿ ಒಂದು ಕೋಟಿಗಿಂತಾ ಕಡಿಮಿ ಆತು. ಡಿಜಿಟಲ್ ಕ್ಯಾಮರಾ ಹುಟ್ಟಿಸಿದ ಕೊಡ್ಯಾಕ್ ಕಂಪನಿನೇ 2012ರ ಜನವರ್ಯಾಗ ದಿವಾಳಿ ಅರ್ಜಿ ಹಾಕ್ತು, ಮುಂದಿನ ತಿಂಗಳೇ ಡಿಜಿಟಲ್ ಕ್ಯಾಮರಾ ಮಾಡೋದು ಬಿಡ್ತೀವಿ ಅಂತು. 2018ರಾಗ ಕ್ಯಾಸಿಯೋ ಸಣ್ಣ ಕ್ಯಾಮರಾ ಬಿಡ್ತು. 2020ರಾಗ ಒಲಿಂಪಸ್ ತನ್ನ ಕ್ಯಾಮರಾ ವ್ಯವಹಾರಾನೇ ಮಾರ್ತೀವಿ ಅಂತ ಹೇಳ್ತು. ಕ್ಯಾಮರಾ ನಿಂತ ಮ್ಯಾಲೆ ಅದರ ಆಕಾರದ ಬ್ಯಾಟ್ರಿ ಯಾಕ ಮಾಡ್ತಾರ ಹೇಳ್ರಿ? ಮನಷ್ಯಾ ಹೋದ ಮ್ಯಾಲೆ ಅವನ ಅಳತಿ ಅಂಗಿ ಯಾರೂ ಹೊಲಸೂದಿಲ್ಲ.

ಈಗ ನಮ್ಮ ಹುಡುಕಾಟಕ್ಕ ಹೊಳ್ಳಿ ಬರೋಣು.

ಮೊದಲ ನನಗ ಅನಸಿದ್ದು, ಕಂಪನಿದೇ ಅಸಲೀ ಬ್ಯಾಟ್ರಿ, ಪ್ಯಾಕೆಟ್ ಒಡೀಲಾರದ್ದು ಎಲ್ಲೆರೆ ಉಳದಿದ್ರ ಅದೇ ಛೊಲೋ ಅಂತ. ಬೆಂಗಳೂರಾಗ ಎಸ್.ಪಿ. ರೋಡಿನ್ಯಾಗ ಅಳಿಯಂದಿರು ಹುಡುಕಿದ್ರು. ಅಲ್ಲಿ ಒಬ್ಬ ವಯಸ್ಸಾದ ಅಂಗಡಿಯವರು ಬುದ್ಧಿ ಹೇಳಿದ್ರಂತ: ‘ಲಿಥಿಯಮ್ ಪ್ಯಾಕೆಟ್ಟಿನ್ಯಾಗ ಇದ್ರೂ ಮುದುಕ ಆಗ್ತದ. 2010ರಾಗ ಮಾಡಿದ ಅಸಲೀದಕ್ಕಿಂತಾ ಹೋದ ವರ್ಷ ಮಾಡಿದ ಬ್ಯಾರೆ ಕಂಪನಿದೇ ವಾಸಿ.’ ಖರೇನೂ ಅದ. ಹಪ್ಪಳದ ಹಿಟ್ಟು ಎಷ್ಟ ಛೊಲೋ ಗಿರಣಿದಾಗಿದ್ರೂ ಹತ್ತ ವರ್ಷ ಇಟ್ಟು ನಾದಲಿಕ್ಕೆ ಆಗ್ತದೇನು?

ನಮ್ಮ ಅಕ್ಕನ ಮಗ ಅಮೆರಿಕದಾಗ ಇದ್ದಾನ. ಅವಗ ಹೇಳಿದ್ವಿ, ಪೋಸ್ಟಿನ್ಯಾಗ ಕಳಸು ಅಂತ. ‘ಮಾಂಶಿ, ಬಿಡಿ ಲಿಥಿಯಮ್ ಬ್ಯಾಟ್ರಿ ವಿಮಾನದ ಪಾರ್ಸಲ್ಲಿನ್ಯಾಗ ಹಂಗ ಸುಮ್ಮನ ಹಾಕ್ಲಿಕ್ಕೆ ಬರೂದಿಲ್ಲ, ಬೆಂಕಿ ಹತ್ತೋ ಸಾಮಾನು ಅಂತ ಕಾಯ್ದೆ ಅದ. ಬರೋ ಮುಂದ ಕೈ ಬ್ಯಾಗಿನ್ಯಾಗ ತರ್ತೀನಿ’ ಅಂದಾ. ಇದು ನಿಮಗೂ ನೆನಪಿರಲಿ. ಬಿಡಿ ಬ್ಯಾಟ್ರಿ, ಪವರ್ ಬ್ಯಾಂಕು ವಿಮಾನದಾಗ ದೊಡ್ಡ ಸೂಟ್‌ಕೇಸಿನ್ಯಾಗ ಹಾಕಬಾರದು, ಕೈ ಬ್ಯಾಗಿನ್ಯಾಗೇ ಇಡಬೇಕು. ಅವನು ಬರೋದು ಇನ್ನೂ ಏಳ ತಿಂಗಳು ಇತ್ತು. ನನಗ ಏಳ ದಿನಾನೂ ತಡಿಯೂ ಹಂಗಿರಲಿಲ್ಲ.

ಆಮ್ಯಾಲೆ ಒಂದು ಅಂಗಡಿಯಿಂದ ತರಸಿದ್ವಿ. ಬ್ಯಾಟ್ರಿ ಬಂತು, ಆಕಾರ ಬರೋಬ್ಬರಿ, ಮ್ಯಾಲೆ ಅಸಲೀ ಕಂಪನಿ ಹೆಸರೇ ಛಾಪಿಸಿತ್ತು. ನಮ್ಮ ಹಳೇದರ ಮ್ಯಾಲೆ 960 ಅಂತ ಇದ್ರ ಇದರ ಮ್ಯಾಲೆ 2000 ಅಂತ ಇತ್ತು. ನಾನು ಖುಷಿ ಪಟ್ಟೆ, ಎರಡು ಪಟ್ಟು ನಡೀತದ ಅಂತ. ಮಗಳು ನಕ್ಕಳು. ‘ಅವ್ವಾ, ಅದೇ ಅಳತಿ ಡಬ್ಬ್ಯಾಗ ಎರಡು ಪಟ್ಟು ಹಿಟ್ಟು ಹಿಡೀತದೇನು? ತೂಕ ನೋಡು, ಹಳೇದಕ್ಕಿಂತಾ ಹಗೂರ ಅದ.’ ಖರೇನ, ಕ್ಯಾಮರಾದಾಗ ಹಾಕಿದ್ರ ಲೆನ್ಸ್ ಅರ್ಧ ಹೊರಗ ಬಂದು ಅಲ್ಲೇ ನಿಂತು ಬಿಡ್ತು. ನನ್ನ ಎದಿ ಧಸಕ್ ಅಂತು. ಕ್ಯಾಮರಾನೇ ಕೆಡ್ತೋ ಏನೋ ಅಂತ ರಾತ್ರಿ ನಿದ್ದಿ ಬರಲಿಲ್ಲ.

ಇನ್ನೊಂದು ಹಾದಿ ಇತ್ತು, ಸುಳ್ಳ ಬ್ಯಾಟ್ರಿ. ಬ್ಯಾಟ್ರಿ ಆಕಾರದ ಖಾಲಿ ಡಬ್ಬಿ, ಅದಕ್ಕೊಂದು ವೈರು, ವೈರು ಗ್ವಾಡಿ ಕರೆಂಟಿಗೆ. ಸ್ಟುಡಿಯೋದವರು ಬಳಸ್ತಾರ. ಕೆಲವು ಮಾಡಲ್ಲಿಗೆ ಅಷ್ಟೇ ಮಾಡಿದ್ರು, ನಮ್ಮದಕ್ಕ ಸಿಗಲಿಲ್ಲ. ಮತ್ತೊಂದು, ಅದೇ ಬ್ಯಾಟ್ರಿ ಹಾಕೋ ಬ್ಯಾರೆ ಮಾಡಲ್ ಯಾವ್ಯಾವು ಅಂತ ಪಟ್ಟಿ ಮಾಡೋದು. ಇದು ಉಪಯೋಗ ಆತು. ಹುಡುಕೋ ಮುಂದ ನಾವು ಬರೇ ಕ್ಯಾಮರಾ ಹೆಸರು ಹೇಳ್ತಿದ್ವಿ, ಯಾರಿಗೂ ತಿಳೀತಿರಲಿಲ್ಲ. ಬ್ಯಾಟ್ರಿ ಬೆನ್ನ ಮ್ಯಾಲಿನ ನಂಬರ್ ಹೇಳಿದ ಕೂಡ್ಲೇ ಹಾದಿ ತೆರೀತು. ಅದೇ ಬ್ಯಾಟ್ರಿ ನಮ್ಮ ಕ್ಯಾಮರಾ ನಿಂತ ಮ್ಯಾಲೂ ಇನ್ನ ಹಲವು ಮಾಡಲ್ಲಿಗೆ ನಡದಿತ್ತು. ಅದಕ್ಕ ಬ್ಯಾರೆ ಕಂಪನಿಯವರು ಇನ್ನೂ ಮಾಡ್ತಾರ. ತಮ್ಮ ಹೆಸರಲೇ ಮಾಡ್ತಾರ, ಸುಳ್ಳ ಹೆಸರ ಹಾಕೂದಿಲ್ಲ. ಬಿಐಎಸ್ ಗುರುತು, ಐಎಸ್ 16046 ಅನ್ನೋ ನಂಬರ್ ಇದ್ದದ್ದು ನೋಡಿ, ತಯಾರಾದ ತಿಂಗಳು ಕೇಳಿ, 600 ರೂಪಾಯಿ ಕೊಟ್ಟು ತರಸಿದ್ವಿ.

ಅವತ್ತ ಸಂಜಿಮುಂದ ದೇವರಿಗೆ ದೀಪ ಹಚ್ಚಿ ಬ್ಯಾಟ್ರಿ ಹಾಕಿದ್ವಿ. ಸಣ್ಣ ದನಿ ಮಾಡಿ ಲೆನ್ಸ್ ಪೂರ್ತಿ ಹೊರಗ ಬಂತು. ಪರದೆ ಮ್ಯಾಲೆ ಮೊದಲ ಕೇಳಿದ್ದು ‘ಇವತ್ತ ತಾರೀಖು ಎಷ್ಟು’ ಅಂತ. ಒಳಗ ಗಡಿಯಾರಕ್ಕ ಅಂತ ಇನ್ನೊಂದು ಸಣ್ಣ ಸೆಲ್ ಇರ್ತದಂತ, ದೊಡ್ಡದು ಸತ್ತ ಮ್ಯಾಲೆ ಅದೂ ಖಾಲಿ ಆಗಿ ತಾರೀಖು ಮರೀತದ. ತುಂಬಿದ ಬ್ಯಾಟ್ರಿ ಒಂದ ದಿನ ಒಳಗ ಬಿಟ್ರ ಅದೂ ತುಂಬ್ತದ. ಅಂದ್ರ ಗಾಬ್ರಿ ಆಗಬ್ಯಾಡ್ರಿ, ಫೋಟೋಕ್ಕೂ ಅದಕ್ಕೂ ಸಂಬಂಧ ಇಲ್ಲ. ಫೋಟೋ ಇರೋದು ಫ್ಲ್ಯಾಶ್ ಮೆಮೊರಿಯೊಳಗ. ಅದು ಕರೆಂಟ್ ಇಲ್ಲದನೂ ನೆನಪ ಇಟಗೋತದ. ತೋಶಿಬಾ ಕಂಪನ್ಯಾಗ ಫುಜಿಯೋ ಮಾಸುವೋಕಾ ಅನ್ನೋರು 1980ರ ದಶಕದಾಗ ಕಂಡು ಹಿಡದದ್ದು. ಒಮ್ಮೆಲೇ ಅಳಿಸೋದು ಕ್ಯಾಮರಾದ ಫ್ಲ್ಯಾಶ್ ಹೊಡದಂಗ ಕಾಣ್ತದ ಅಂತ ಅವರ ಜೋಡಿ ಕೆಲಸ ಮಾಡೋರು ಒಬ್ಬರು ಆ ಹೆಸರ ಸೂಚಿಸಿದ್ರಂತ. ಆದ್ರ ಆ ನೆನಪೂ ಕಾಯಮ್ ಅಲ್ಲ, ವರ್ಷ ಹೋದಂಗ ಸವೀತದ. ಇನ್ನ ಹತ್ತ ವರ್ಷ ಬಿಟ್ಟು ಕ್ಯಾಮರಾ ಸಿಕ್ಕಿದ್ರ ಏನಾಗ್ತಿತ್ತೋ.

ಕಾರ್ಡ್ ತಗದು ನೋಡಿದ್ವಿ. ಇದ್ವು. ಐದು ಫೋಟೋ, ಒಂದು ವಿಡಿಯೋ.

ಹೊರಗ ತಗೀಬೇಕಾದ್ರ ಆ ವಿಚಿತ್ರ ತುದಿ ವೈರು ಬೇಕು. ಅದು ಎಲ್ಲೋ ಕಳದದ. ಮಗಳು ಮತ್ತ ಪುಸ್ತಕ ಓದಿ, ಮೆನುದಾಗ ‘ಕಾಪಿ’ ಅಂತ ಒಂದು ಅದ, ಒಳಗಿನ್ವು ಕಾರ್ಡಿಗೆ ಬರ್ತಾವ ಅಂತ ಕಂಡ ಹಿಡದ್ಲು. ಕಾರ್ಡಿಗೆ ತಗದು, ಆ ಕಾರ್ಡನ್ನ ನಮ್ಮ ಓಣ್ಯಾಗಿನ ಸ್ಟುಡಿಯೋಕ್ಕ ಒಯ್ದು, ಅವರ ಹಳೇ ಕಾರ್ಡ್ ರೀಡರಿನ್ಯಾಗ ಹಾಕಿ ಪೆನ್ ಡ್ರೈವಿಗೆ ಇಳಿಸಿದ್ವಿ. ಅವರು ರೊಕ್ಕಾ ತೊಗೊಳ್ಳಲಿಲ್ಲ, ‘ಅಜ್ಜಾರ ಫೋಟೋ ತಗದಂವಾ ನಾನ, ಅಜ್ಜಿದೂ ಇರಲಿ ಬಿಡ್ರಿ’ ಅಂದ್ರು.

ವಿಡಿಯೋ 28 ಸೆಕೆಂಡಿಂದು. ಸಣ್ಣದು, ಮಸಕು. ನಮ್ಮತ್ತಿಯವರು ಒಂದ ಕೈಲೆ ಹಿಟ್ಟ ಹಿಡದು, ಇನ್ನೊಂದ ಕೈ ಮುಂದ ಚಾಚಿ, ‘ಪಾಪಡಖಾರ ಇಷ್ಟ ನೋಡು. ಹೆಚ್ಚಾದ್ರ ಕೆಂಪಗಾಗ್ತಾವ’ ಅಂತಾರ. ಆಮ್ಯಾಲೆ ನನ್ನ ಕಡೆ ನೋಡಿ, ‘ಅದನ್ನ ಇಡ ಕೆಳಗ, ಆ ಕಡೇವು ಮುರುಟಲಿಕ್ಕೆ ಹತ್ಯಾವ, ಮಗಚಿ ಹಾಕು ಮೊದಲ’ ಅಂತಾರ. ಅಷ್ಟ. ಮುಗೀತು. ನಾವು ನಾಕ ಸಲ ನೋಡಿದ್ವಿ, ಒಬ್ಬರೂ ಮಾತಾಡಲಿಲ್ಲ. ಐದನೇ ಸಲ ನಮ್ಮ ಮನಿಯವರು ಎದ್ದು ಹಿತ್ತಲಕ್ಕ ಹೋದ್ರು.

ನಿಮಗ ಗೊತ್ತದ, ನನಗೂ ನಾದಿನಿಗೂ ಪಾಪಡಖಾರದ ಸಲುವಾಗಿ ಹತ್ತ ವರ್ಷದ ವಾದ. ನಾನು ಒಂದ ಚಮಚ ಅಂತೀನಿ, ಆಕಿ ಒಂದ ಮುಷ್ಟಿ ಅಂತಾಳ. ವಿಡಿಯೋದಾಗ ಇದ್ದದ್ದು ಎರಡೂ ಅಲ್ಲ, ಅಂಗೈ ಕುಣಿ ತುಂಬ. ಆದ್ರ ನಮ್ಮತ್ತಿಯವರ ಕೈ ಭಾಳ ಸಣ್ಣದು, ಹನ್ನೆರಡು ವರ್ಷದ ಹುಡುಗಿದರಂಗ. ನನ್ನ ಅಂಗೈ ಅಳತಿ ಹಿಡದ್ರ ಹಪ್ಪಳ ಕೆಂಪಗೇ ಆಗ್ತಾವ. ಅವರ ಅಳತಿ ಅವರ ಜೋಡಿನೇ ಹೋಗಿತ್ತು. ನಾದಿನಿನ ಕರಸಿ, ಆಕಿ ಮೊಮ್ಮಗಳ ಸಣ್ಣ ಕೈಯಾಗ ತುಂಬಿಸಿ, ಅದನ್ನ ಚಮಚದಾಗ ಸುರುವಿ ಅಳದ್ವಿ. ಒಂದ ಕಿಲೋ ಉದ್ದಿನ ಹಿಟ್ಟಿಗೆ ಊಟದ ಚಮಚದ್ದು ಎರಡು ಚಮಚ, ತಲಿ ಸವರಿ. ಅಡಗಿ ವಹ್ಯಾಗ ಬರದಿಟ್ಟೀನಿ. ಚಮಚ ಎಲ್ಲಾರ ಮನ್ಯಾಗೂ ಸಿಗ್ತದ. ಈ ಬ್ಯಾಸಗಿಗೆ ಹಾಕಿದ ಹಪ್ಪಳ ಬೆಳ್ಳಗ ಬಂದಾವ.

ಇನ್ನ ಎರಡು ಮಾತು ಹೇಳಿ ಮುಗಸ್ತೀನಿ. ಯುರೋಪಿನ್ಯಾಗ ಈಗ ಕಾಯ್ದೆ ಬಂದದ. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರೋ ಹೊಸ ಫೋನ್, ಕ್ಯಾಮರಾ ಎಲ್ಲಾದಕ್ಕೂ ಚಾರ್ಜಿಂಗ್ ತೂತು ಒಂದೇ ನಮೂನಿದು, ಯುಎಸ್‌ಬಿ ಸಿ. 2027ರ ಫೆಬ್ರುವರಿಯಿಂದ, ಮನಿ ಮಂದಿನೇ ಬ್ಯಾಟ್ರಿ ತಗದು ಬದಲಿ ಹಾಕೋ ಹಂಗ ಸಾಮಾನು ಮಾಡಬೇಕು, ಮಾಡಲ್ ನಿಂತ ಮ್ಯಾಲೂ ಐದು ವರ್ಷ ಬದಲಿ ಬ್ಯಾಟ್ರಿ ಕೊಡಬೇಕು ಅಂತ ನಿಯಮ. ಬ್ಯಾಟ್ರಿ ಆಕಾರ ಮಾತ್ರ ಇನ್ನೂ ಅವರವರದೇ. ಐದು ವರ್ಷ ಅಂದ್ರ ನಮ್ಮಂಥಾ ಮನಿಗೆ ಏನೂ ಅಲ್ಲ, ಆದ್ರೂ ಇಲ್ಲದಕ್ಕಿಂತಾ ವಾಸಿ.

ನಿಮ್ಮ ಕಪಾಟಿನ್ಯಾಗೂ ಹಳೇ ಕ್ಯಾಮರಾ ಇದ್ರ ಇವತ್ತೇ ತಗದು ನೋಡ್ರಿ. ಬ್ಯಾಟ್ರಿ ಉಬ್ಬಿದ್ರ ಚಾರ್ಜಿಗೆ ಹಾಕಬ್ಯಾಡ್ರಿ, ಚಾಕುಲೆ ಎಬ್ಬಿಸಬ್ಯಾಡ್ರಿ, ಒತ್ತಬ್ಯಾಡ್ರಿ, ಕಸದ ಗಾಡಿಗೂ ಹಾಕಬ್ಯಾಡ್ರಿ, ಎಲೆಕ್ಟ್ರಾನಿಕ್ ಕಸ ತೊಗೊಳ್ಳೋರಿಗೆ ಕೊಡ್ರಿ. ಅದರ ಬೆನ್ನ ಮ್ಯಾಲಿನ ನಂಬರ್ ಮೊದಲ ಬರದಿಟಗೊಳ್ರಿ. ಕಾರ್ಡ್ ಖಾಲಿ ಅದ ಅಂತ ಕ್ಯಾಮರಾ ಯಾರಿಗೂ ಕೊಟ್ಟು ಬಿಡಬ್ಯಾಡ್ರಿ, ಕಾರ್ಡ್ ತಗದು ಒಳಗ ಏನರೆ ಅದನೋ ಅಂತ ಒಮ್ಮೆ ನೋಡ್ರಿ. ಸಿಕ್ಕಿದ್ದನ್ನ ಎರಡು ಕಡೆ ಇಳಿಸಿ ಇಡ್ರಿ.

ಯಾರಿಗರೆ ನಮ್ಮ ನಂಬರಿನ ಬ್ಯಾಟ್ರಿ ಬೇಕಾದ್ರ ಕೇಳ್ರಿ, ಕೊಡ್ತೀನಿ. ಆದ್ರ ಹೊಳ್ಳಿ ಕೊಡಬೇಕು ಮತ್ತ.